ಮೀನು ಒಪ್ಪಿದ ನೀರು

"ವೈನಿ, ಇವತ್ತಿನಿಂದ ಮೀನು ಒಪ್ಪದ ನೀರು ಒಂದ್ ಹನಿನೂ ಈ ಮನ್ಯಾಗ ಬರೂದಿಲ್ಲ!"

ನನ್ನ ಮೈದುನ ಮಹಾರುದ್ರಪ್ಪ ಹೀಗೆ ಘೋಷಿಸಿದಾಗ ಬೆಳಗಿನ ಒಂಬತ್ತು ಗಂಟೆ. ನಲ್ಲಿಯಲ್ಲಿ ಗಾಳಿ ಸುಯ್‌ಗುಡುತ್ತಿತ್ತು. ಬೆಟಗೇರಿಯ ನಮ್ಮ ಓಣಿಗೆ ನೀರು ಬರುವುದು ಎಂಟು ದಿನಕ್ಕೊಮ್ಮೆ, ಅದೂ ಒಂಬತ್ತರಿಂದ ಹನ್ನೊಂದರವರೆಗೆ. ಮರುದಿನ ನನ್ನ ಮಗಳು ದಾಕ್ಷಾಯಣಿಯ ಕುಬಸ. ಬೀಗರ ಕಡೆಯಿಂದಲೇ ಎಂಬತ್ತು ಮಂದಿ! ಈ ಎರಡು ತಾಸಿನಲ್ಲಿ ಮೇಲಿನ ಟಾಕಿ ತುಂಬದಿದ್ದರೆ, ಬಸುರಿ ಮಗಳಿಗೆ ಆರತಿ ಎತ್ತುವ ದಿನ ಬಂದವರಿಗೆ ಕೈ ತೊಳೆಯಲೂ ನೀರಿಲ್ಲ. ಏನೇ ಆಗಲಿ ತುಂಬಿಸಿಯೇ ತೀರುತ್ತೇನೆ ಎಂದು ನಾನು ಸೆರಗು ಬಿಗಿದು ನಿಂತಿದ್ದೆ.

ಮಹಾರುದ್ರಪ್ಪ ಮೂವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವನು. ಜನರೆಲ್ಲ ಮೊಬೈಲಿನಲ್ಲೇ ಫೋಟೋ ಹೊಡೆದುಕೊಳ್ಳತೊಡಗಿದ ಮೇಲೆ ಅಂಗಡಿ ಮುಚ್ಚಿ, ಮೂರು ಚೀಲ ಹೈಪೋ ಹರಳನ್ನು ಮನೆಗೆ ಹೊತ್ತು ತಂದ. ಫೋಟೋ ತೊಳೆಯುವ ಆ ಹರಳು ನಲ್ಲಿ ನೀರಿನ ಕ್ಲೋರಿನ್ನನ್ನೂ ಮುರಿಯುತ್ತದೆ ಎಂದು ಎಲ್ಲೋ ಓದಿದ್ದನಂತೆ. ಓದುವ ಮೊದಲೇ ಅವನ ಗಾಜಿನ ತೊಟ್ಟಿಯ ಹನ್ನೊಂದು ಮೀನು ಬ್ಲೀಚಿಂಗ್ ವಾಸನೆಯ ನೀರಿಗೆ ಹೊಟ್ಟೆ ಮೇಲೆ ಮಾಡಿ ಹೋಗಿದ್ದವು. ಉಳಿದದ್ದು ಗುಂಡವ್ವ ಎಂಬ ಕರಿ ಮೀನು ಒಂದೇ. ಹನ್ನೊಂದನೆಯದು ಹೋದ ದಿನ ಅವನು ಊಟ ಬಿಟ್ಟು ಕೂತಿದ್ದ. ಅದಕ್ಕೇ, ನೀರು ಶುದ್ಧ ಮಾಡುವ ಯಂತ್ರ ಕಟ್ಟುತ್ತೇನೆ ಎಂದಾಗ ಒಪ್ಪಿದೆ. ಒಂದು ಬಕೆಟ್ಟಿಗೆ ಒಂದು ಚಿಟಿಕೆ ಹೈಪೋ ಹಾಕಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಚಿಟಿಕೆಯಲ್ಲಿ ಕೆಲಸ ಮುಗಿಸಿದರೆ ಅವನು ಮಹಾರುದ್ರಪ್ಪ ಹೇಗಾದಾನು!

ಯಂತ್ರದ ಹೆಸರು 'ಮತ್ಸ್ಯಸಮ್ಮತಿ'. ಒಂದು ನೀಲಿ ಡ್ರಮ್ಮು, ಹೈಪೋ ಉದುರಿಸುವ ಕೊಳವೆ, ಗುಂಡವ್ವನ ತೊಟ್ಟಿಯ ಎದುರಿಗೆ ಅವನ ಸ್ಟುಡಿಯೋದ ಹಳೇ ಕ್ಯಾಮೆರಾ. ಬಂದ ನೀರು ಮೊದಲು ಒಂದು ಲೋಟದಷ್ಟು ಗುಂಡವ್ವನಿಗೆ. ಕ್ಯಾಮೆರಾ ಅವಳ ಮುಖ ನೋಡಿ ಅಂಕ ಕೊಡುತ್ತದೆ. ಪಾಸಾದರೆ ಅಂಕಕ್ಕೆ ತಕ್ಕಷ್ಟು ನೀರು ಟಾಕಿಗೆ, ಫೇಲಾದರೆ ಗಟಾರಕ್ಕೆ.

"ಮೀನಿಗೆ ಸೇರಿದ ನೀರು ಮನಷ್ಯಾಗ ಸೇರೂದಿಲ್ಲೇನ್ರೀ?" ಎಂದು ಎದೆಯುಬ್ಬಿಸಿ ಗುಂಡಿ ಒತ್ತಿದ.

ನೀರು ಬಂತು! ಹೈಪೋ ಉದುರಿತು! ಗುಂಡವ್ವ ಬಾಲ ಬೀಸಿ ತೊಟ್ಟಿಯ ತುಂಬ ಗಿರಗಿರನೆ ಸುತ್ತಿದಳು. ಅಷ್ಟು ಖುಷಿಯಾಗಿದ್ದ ಮೀನನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಸಂತೋಷ, ನೂರಕ್ಕೆ ನಾಲ್ಕು!" ಎಂದಿತು ಯಂತ್ರ, ಮಹಾರುದ್ರಪ್ಪನದೇ ಸ್ಟುಡಿಯೋ ದನಿಯಲ್ಲಿ. "ನೀರು ರದ್ದು!"

ಒಂದು ಡ್ರಮ್ ನೀರು ಬುಳಬುಳನೆ ಗಟಾರ ಸೇರಿತು. ಎರಡನೇ ಡ್ರಮ್ಮಿಗೆ ಗುಂಡವ್ವ ಇನ್ನೂ ಜೋರಾಗಿ ಕುಣಿದಳು. "ನೂರಕ್ಕೆ ಎರಡು! ರದ್ದು!" ಮೂರನೆಯದೂ ಹೋಯಿತು.

"ಬಂದ್ ಮಾಡೋ ಅದನ್ನ!" ಎಂದು ಚೀರಿದೆ.

"ಬಂದ್ ಮಾಡೋ ಗುಂಡಿ ಇಟ್ಟಿಲ್ರೀ."

"ಯಾಕಿಟ್ಟಿಲ್ಲ?"

"ಇಟ್ಟಿದ್ರ ನೀವು ಮೊದಲನೇ ದಿನಾನ ಬಂದ್ ಮಾಡ್ತಿದ್ರಿ!"

ನಾನು ನಟ್ಟು ಬಿಚ್ಚುವ ಪಾನಾ ಹಿಡಿದು ಪೈಪಿನ ಮೇಲೆ ಹೋದೆ. "ಮೀನಿನ ಎದುರು ಆಯುಧ! ಸಂತೋಷ ಸೊನ್ನೆ!" ಎಂದು ಯಂತ್ರ ಕೂಗಿ, ನಾಲ್ಕನೇ ಡ್ರಮ್ಮನ್ನು ನೇರ ನನ್ನ ಮೇಲೆಯೇ ಸುರಿಯಿತು. ಗಡಿಯಾರ ಹತ್ತು ದಾಟಿತ್ತು. ಒದ್ದೆ ಸೀರೆಯಲ್ಲೇ ಅವನ ಅಂಗಿಯ ಕಾಲರು ಹಿಡಿದೆ.

"ಸಂತೋಷ ಅಂದ್ರ ಏನು ಅಂತ ಇದಕ್ಕ ಯಾರು ಕಲಿಸಿದ್ರು?"

"ನಾನ ಕಲಿಸೀನಿ ವೈನಿ. ನನ್ನ ಸ್ಟುಡಿಯೋದ ಫೋಟೋ ಎಲ್ಲಾ ತೋರಿಸೀನಿ. ಮದುವಿ, ತೊಟ್ಟಿಲಾ, ಕುಬಸ, ಎಲ್ಲಾ ಸಂತೋಷದ ಫೋಟೋಗಳ!"

ನನಗೆ ತಲೆ ತಿರುಗಿತು. ಮಹಾರುದ್ರಪ್ಪನ ಫೋಟೋ ಹೇಗಿರುತ್ತಿದ್ದವು ಎಂದು ಈ ಓಣಿಗೆಲ್ಲ ಗೊತ್ತು. "ಅಲ್ಲಾಡಬೇಡಿ! ಹಲ್ಲು ಬಿಡಬೇಡಿ!" ಎಂದು ಗದರಿಸಿ, ಉಸಿರು ಕಟ್ಟಿಸಿಯೇ ಹೊಡೆಯುತ್ತಿದ್ದ. ನನ್ನ ಮದುವೆಯ ಫೋಟೋದಲ್ಲಿ ನಾನೂ ನಮ್ಮ ಯಜಮಾನರೂ ಯಾವುದೋ ಕೇಸಿನ ಸಾಕ್ಷಿಗೆ ಬಂದವರ ಹಾಗೆ ನಿಂತಿದ್ದೇವೆ. ಈ ಯಂತ್ರದ ಲೆಕ್ಕದಲ್ಲಿ ಸಂತೋಷವೆಂದರೆ ಹಾರ, ರೇಷ್ಮೆ, ಸುತ್ತ ಹೆಂಗಸರು ಮತ್ತು ಕಲ್ಲಿನಂಥ ಮುಖ! ಪಾಪ ಗುಂಡವ್ವ, ಕುಣಿದಷ್ಟೂ ಫೇಲು!

"ಹೌದಾ? ಹಂಗಾದ್ರ ಇವತ್ತ ಮೊದಲು ಗುಂಡವ್ವಗ ಕುಬಸ!" ಎಂದೆ. ಸೋಲುವ ಜಾಯಮಾನ ನನ್ನದಲ್ಲ.

ಮರುದಿನಕ್ಕೆಂದು ತಂದಿಟ್ಟ ಮಲ್ಲಿಗೆ ದಂಡೆಯನ್ನು ತೊಟ್ಟಿಗೆ ಸುತ್ತಿದೆ. "ಹದಿನೆಂಟು," ಎಂದಿತು ಯಂತ್ರ. ದಾಕ್ಷಾಯಣಿಯ ಹಸಿರು ಸೀರೆಯ ಸೆರಗು ಹೊದಿಸಿದೆ. "ಮೂವತ್ತೈದು." ಅಂತೂ ಪಾಸು! ಟಾಕಿಯ ಪೈಪಿನಲ್ಲಿ ನೂಲಿನಂತೆ ನೀರು ಹರಿಯಿತು. ಓಣಿಯ ಹೆಂಗಸರನ್ನೆಲ್ಲ ಕೂಗಿ ಕರೆದು ಸಾಲಾಗಿ ನಿಲ್ಲಿಸಿದೆ. ಮೀನಿಗೆ ಆರತಿ ಎಂದು ಕೇಳಿದ್ದೇ ಎದುರುಮನೆ ಗಂಗವ್ವ ಕಿಸಕ್ಕನೆ ನಕ್ಕಳು.

"ಹಲ್ಲು ಬಿಡಬೇಡಿ! ಇಪ್ಪತ್ತು!"

"ಗಂಗವ್ವಾ, ಇನ್ನೊಮ್ಮಿ ನಕ್ಕಿ ಅಂದ್ರ ನಾಳೆ ನಿನ್ನ ಎಲಿಗೆ ಹೋಳಿಗಿ ಬೀಳೂದಿಲ್ಲ!"

ಗಂಗವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹತ್ತು ನಲವತ್ತಕ್ಕೆ ಅರವತ್ತೊಂದು ಅಂಕ. ಗುಂಡವ್ವ ಮಾತ್ರ ಕುಣಿತ ನಿಲ್ಲಿಸಲೊಲ್ಲಳು. ಆಗ ದಾಕ್ಷಾಯಣಿಯೇ, ಕುಬಸಕ್ಕೆಂದು ಅಲಂಕರಿಸಿಟ್ಟ ಕುರ್ಚಿಯನ್ನು ಕ್ಯಾಮೆರಾದ ಎದುರಿಗೆ ಹಾಕಿಸಿ ಕೂತು, "ಇಲ್ಲಿ ಕೊಡ್ರಿ ಕಾಕಾ," ಎಂದು ತೊಟ್ಟಿಯನ್ನು ಮಡಿಲಿಗೆ ತೆಗೆದುಕೊಂಡಳು. ಅವಳ ಹಸಿರು ಬಳೆಗಳು ಗಾಜಿಗೆ ತಾಗಿದವು. ಅದೇನು ಕಂಡಳೋ, ಗುಂಡವ್ವ ಗಾಜಿನ ಹತ್ತಿರ ಬಂದು ಬಳೆಯನ್ನೇ ನೋಡುತ್ತ ಅಲ್ಲಾಡದೆ ನಿಂತಳು.

"ನೂರಕ್ಕೆ ನೂರು!" ಕ್ಯಾಮೆರಾ ಫಳಕ್ಕೆಂದಿತು. ನೀರು ಭೋರೆಂದು ನುಗ್ಗಿತು! ಇಪ್ಪತ್ತು ನಿಮಿಷ ಯಾರೂ ಉಸಿರು ಬಿಡಲಿಲ್ಲ. ಹನ್ನೊಂದಕ್ಕೆ ನಲ್ಲಿ ನಿಂತಾಗ ಟಾಕಿ ಕಂಠದವರೆಗೆ ತುಂಬಿತ್ತು. ನನಗೆ ಅಳುವೇ ಬಂತು. ಮಹಾರುದ್ರಪ್ಪ ಮಾತ್ರ ತಲೆ ಕೆರೆಯುತ್ತಿದ್ದ.

"ವೈನಿ, ಒಂದು ಮಾತು. ಒಳಗ ಬರೂ ನೀರಿಗಷ್ಟ ಅಲ್ಲ, ಹೊರಗ ಹೋಗೂ ನೀರಿಗೂ ಇದರದ ಒಪ್ಪಿಗಿ ಬೇಕು. ಟಾಕಿ ಮುಚ್ಚಳಕ್ಕೂ ಇದರದ ಬೀಗ. ಮತ್ತ ಈಗ ಇದು ನೂರು ಅಂಕ ನೋಡೇತಿ. ಇನ್ನ ತೊಂಬತ್ತೊಂಬತ್ತಕ್ಕೂ ಬಿಡೂದಿಲ್ಲ."

ಮರುದಿನ ಕುಬಸ ಸಾಂಗವಾಗಿ ನಡೆಯಿತು. ದಾಕ್ಷಾಯಣಿ ಕ್ಯಾಮೆರಾದ ಎದುರಿಗೆ, ಮಡಿಲಲ್ಲಿ ಮೀನಿನ ತೊಟ್ಟಿ ಇಟ್ಟುಕೊಂಡೇ ಆರತಿ ಎತ್ತಿಸಿಕೊಂಡಳು. ನಮ್ಮ ಕಡೆಯವರೆಲ್ಲ ಅವಳ ಸುತ್ತ ಹಲ್ಲು ಕಚ್ಚಿ, ರೆಪ್ಪೆ ಬಡಿಯದೆ ನಿಂತಿದ್ದೆವು. ಊಟವಾಗಿ ಎಂಬತ್ತು ಮಂದಿ ನಲ್ಲಿಯ ಮುಂದೆ ಸಾಲು ನಿಂತಾಗ ನಮ್ಮ ಮುಖಗಳು ಇನ್ನೂ ಬಿಗಿದುಕೊಂಡವು. ನೀರು ಸುರಿಯುತ್ತಲೇ ಇತ್ತು.

ಬೀಗತಿಗೆ ಕೊನೆಗೂ ತಡೆಯಲಾಗಲಿಲ್ಲ. ನನ್ನನ್ನು ಮೂಲೆಗೆ ಕರೆದು, ಕಣ್ಣಲ್ಲಿ ನೀರು ತಂದುಕೊಂಡು ಕೇಳಿದಳು. "ಯಾಕ್ರೀ ಬೀಗರ, ಒಬ್ಬರ ಮಾರಿಮ್ಯಾಲೂ ನಗಿ ಇಲ್ಲ? ಹುಡುಗಿ ತಾಯಿ ಆಗೂದು ನಿಮಗ ಖುಷಿ ಇಲ್ಲೇನು?"

"ಭಾಳ ಖುಷಿ ಐತ್ರೀ," ಎಂದೆ, ತುಟಿ ಅಲ್ಲಾಡಿಸದೆ. "ಎಲ್ಲಾರೂ ಕೈ ತೊಳ್ಕೊಳ್ಳೂದು ಮುಗೀಲಿ, ಆಮ್ಯಾಲೆ ನಗತೀವಿ."