ಅತ್ತೆಯ ಮನೆಯ ಮುಕ್ಕಾಂ ಖರ್ಚು

ಮದುವೆಯಾಗಿ ಒಂಬತ್ತು ವರ್ಷ ಮೈಲಾರಲಿಂಗಪ್ಪ ಒಂದು ಸುಖವಾದ ತಪ್ಪು ತಿಳಿವಳಿಕೆಯಲ್ಲಿ ಬದುಕಿದ್ದ. ಅತ್ತೆ ಗ್ಯಾನಮ್ಮ ತನಗೆ ಹೆದರುತ್ತಾಳೆ ಎಂಬುದೇ ಅದು.

ಹಾಗೆ ತಿಳಿಯಲು ಕಾರಣವೂ ಇತ್ತು. ಗೊರೇಬಾಳದ ಆ ಮನೆಯ ಹೊಸ್ತಿಲಲ್ಲಿ ನಿಂತು ಅವನು ಒಮ್ಮೆ ಕೆಮ್ಮಿದರೆ ಸಾಕು, ಗ್ಯಾನಮ್ಮನ ಸೆರಗು ತಲೆಯೇರಿ ಮೂಗಿನ ತನಕ ಇಳಿಯುತ್ತಿತ್ತು. ಎದುರಿಗೆ ಬರುತ್ತಿರಲಿಲ್ಲ, ಬಂದರೂ ಮಾತಿಲ್ಲ. ಅಳಿಯನ ಮುಂದೆ ಅತ್ತೆ ಬಾಯಿ ಬಿಡಬಾರದೆಂಬುದು ಆ ಮನೆತನದ ಹಳೆಯ ರೀತಿ. ಅಳಿಯ ತಹಶೀಲ್ದಾರನಾಗಿರಲಿ, ಕುರಿ ಕಾಯುವವನಾಗಿರಲಿ, ಸೆರಗು ಇಳಿಯುವುದು ಮೂಗಿನವರೆಗೇ. ಆದರೆ ಮೈಲಾರಲಿಂಗಪ್ಪ ಅಷ್ಟನ್ನೂ ತನ್ನ ವರ್ಚಸ್ಸಿನ ಖಾತೆಗೆ ಜಮಾ ಮಾಡಿಕೊಂಡಿದ್ದ.

ಹೇಳಲೇಬೇಕಾದ ಮಾತಿದ್ದರೆ ಗ್ಯಾನಮ್ಮ ಅದನ್ನು ಎಮ್ಮೆಗೆ ಹೇಳುತ್ತಿದ್ದಳು. (ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಅವಳನ್ನು ಬಿಟ್ಟರೆ ಇದ್ದ ಇನ್ನೊಂದು ಜೀವ ಅದೇ.)

"ಯವ್ವಾ ಎಮ್ಮೀ, ನೀರು ಕಾದಾವಂತ ಅಳಿಯಪ್ಪನೋರಿಗೆ ಹೇಳವ್ವಾ."

ಎಮ್ಮೆ ಕಿವಿ ಬಡಿಯುತ್ತಿತ್ತು. ಅಳಿಯ ಟವೆಲ್ಲು ಹೆಗಲಿಗೆ ಹಾಕಿಕೊಂಡು ಏಳುತ್ತಿದ್ದ.

"ಇನ್ನೊಂದು ರೊಟ್ಟಿ ಉಣ್ತಾರೇನು, ಕೇಳು."

"ಸಾಕ್ರೀ," ಎಂದು ಅಳಿಯ ಎಮ್ಮೆಗೆ ವಿನಯದಿಂದ ಉತ್ತರ ಕೊಡುತ್ತಿದ್ದ.

ವರ್ಚಸ್ಸಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡಬೇಕು. ಮೈಲಾರಲಿಂಗಪ್ಪ ಲಿಂಗಸುಗೂರಿನ ವೈರಿಂಗ್ ಗುತ್ತೇದಾರ. ಯಾರಾದರೂ 'ಗುತ್ತೇದಾರ' ಎಂದರೆ "ಕಾಂಟ್ರ್ಯಾಕ್ಟರ್ ಅನ್ರಿ" ಎಂದು ತಿದ್ದುತ್ತಿದ್ದ. ಅವನ ಸಂಸ್ಥೆಯ ಚರಾಸ್ತಿ ಎಂದರೆ ಒಂದು ಏಣಿ, ಇಬ್ಬರು ಆಳು, ಅಂಗಿಯ ಜೇಬಿನಲ್ಲಿ ಪೆನ್ನಿನಂತೆ ಸಿಗಿಸಿದ ಒಂದು ಟೆಸ್ಟರು. ಊರಿಗೆಲ್ಲ ಫ್ಯಾನು ತೂಗುಹಾಕಿದ ಈ ಮಹಾನುಭಾವನ ಸ್ವಂತ ಮನೆಯಲ್ಲಿ ಹೆಂಡತಿ ಶೇಖಮ್ಮ ರಟ್ಟಿನ ತುಂಡಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು.

ಎಂಬತ್ತೊಂಬತ್ತರ ಬೇಸಿಗೆ. ಸಿಂಧನೂರಿನಲ್ಲಿ ಅಕ್ಕಿ ಗಿರಣಿಯ ಹೊಸ ಗೋದಾಮು ಕಟ್ಟಿಸುತ್ತಿದ್ದ ಕಂಪನಿಯೊಂದು ಅಲ್ಲಿಯ ವೈರಿಂಗನ್ನು ಮೈಲಾರಲಿಂಗಪ್ಪನಿಗೆ ಕೊಟ್ಟಿತು. ನಲವತ್ತು ದಿನದ ಕೆಲಸ. ಕರಾರುಪತ್ರದಲ್ಲಿ ಅವನ ಕಣ್ಣು ನೆಟ್ಟದ್ದು ಆರನೆಯ ಕಲಮಿನ ಮೇಲೆ: 'ಗುತ್ತೇದಾರರು ಪರಸ್ಥಳದಲ್ಲಿ ಮುಕ್ಕಾಂ ಮಾಡಿದಲ್ಲಿ, ವಸತಿಗೆ ಕೊಟ್ಟ ಹಣವನ್ನು ರಾತ್ರಿಯೊಂದಕ್ಕೆ ಮೂವತ್ತು ರೂಪಾಯಿ ಮೀರದಂತೆ, ಪಾವತಿ ಚೀಟಿ ನೋಡಿ ಮರಳಿ ಕೊಡಲಾಗುವುದು.' ನಲವತ್ತು ರಾತ್ರಿಗೆ ಹನ್ನೆರಡು ನೂರು! ಏಳನೆಯ ಕಲಮನ್ನೂ ಅವನು ಓದಿದ್ದ. 'ಸಂಬಂಧಿಕರ ಮನೆಯಲ್ಲಿ ತಂಗಿದರೆ ಈ ಸೌಲಭ್ಯ ಇಲ್ಲ.' ಓದಿದ ಮೇಲೆ ಆ ಕಲಮು ಒಳಗಾಗುವಂತೆ ಹಾಳೆಯನ್ನು ಮಡಿಸಿಟ್ಟಿದ್ದ.

"ಈ ಹನ್ನೆರಡು ನೂರಿನಾಗ ನಮ್ಮ ಮನಿಗೇ ಫ್ಯಾನು," ಎಂದು ಘೋಷಿಸಿದ.

"ಲಾಡ್ಜಿನ್ಯಾಗ ಇದ್ರ ಆ ರೊಕ್ಕ ಲಾಡ್ಜಿನವಗ ಹೋಗ್ತೈತಿ. ನಮಗೇನು ಉಳೀತೈತಿ?" ಎಂದಳು ಶೇಖಮ್ಮ.

"ಲಾಡ್ಜಿನ್ಯಾಗ ಯಾಕಿರಲಿ? ನಿಮ್ಮವ್ವನ ಮನಿ ಐತಲ್ಲ, ಸಿಂಧನೂರಿನ ಮಗ್ಗಲದಾಗ."

"ಮತ್ತ ಪಾವತಿ ಯಾರು ಕೊಡ್ತಾರ? ನಮ್ಮವ್ವನೇನು?"

ಶೇಖಮ್ಮ ಅಂದದ್ದು ಚೇಷ್ಟೆಗೆ. ಆದರೆ ಕೆಲವರ ತಲೆಯಲ್ಲಿ ಚೇಷ್ಟೆಯ ಮಾತು ಹೋಗಿ ಯೋಜನೆಯಾಗಿ ಕೂರುತ್ತದೆ.

ಮೊದಲ ಹನ್ನೆರಡು ದಿನ ಮೈಲಾರಲಿಂಗಪ್ಪ ಅತ್ತೆಯ ಮನೆಯಲ್ಲಿ ಪಾಳೇಗಾರನಂತೆ ಇದ್ದ. ಬೆಳಿಗ್ಗೆ ಹಂಡೆ ತುಂಬ ಬಿಸಿನೀರು. ರೊಟ್ಟಿಯ ಮೇಲೆ ಲಿಂಬೆಹಣ್ಣಿನಷ್ಟು ಬೆಣ್ಣೆ. ಸಂಜೆ ಗೋದಾಮಿನಿಂದ ಬಂದರೆ ಬೇವಿನ ಮರದ ಕೆಳಗೆ ಹಗ್ಗ ಹೆಣೆದ ಹೊರಸು, ಹೊರಸಿನ ಮೇಲೆ ಮದುವೆಯಲ್ಲಿ ಮಾತ್ರ ಹೊರಬರುವ ಜಮಖಾನೆ. ಹದಿಮೂರನೆಯ ದಿನ ಸಿಂಧನೂರಿನ ಬಸ್‌ಸ್ಟ್ಯಾಂಡಿನ ಹತ್ತಿರದ ಲಾಡ್ಜಿಗೆ ಹೋಗಿ ಮ್ಯಾನೇಜರ್ ಉಸ್ಮಾನ್‌ಸಾಬನನ್ನು ಕಂಡ.

"ಖೋಲಿ ಬ್ಯಾಡ. ಬರೇ ಪಾವತಿ ಬೇಕಾಗಿತ್ತು," ಎಂದ, ದನಿ ತಗ್ಗಿಸಿ.

"ಬರೇ ಪಾವತಿ ನಮ್ಮಲ್ಲಿ ಸಿಗಂಗಿಲ್ರೀ. ಮಲಗಿದವರಿಗೆ ಅಷ್ಟ," ಎಂದ ಉಸ್ಮಾನ್‌ಸಾಬ್, ಸುತ್ತಲಿನ ಹತ್ತು ಜನಕ್ಕೆ ಕೇಳಿಸುವಷ್ಟು ಜೋರಾಗಿ.

ಮೈಲಾರಲಿಂಗಪ್ಪನಿಗೆ ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ಪ್ರಾಮಾಣಿಕತೆಯೂ ಬಂತು. ಹೌದಲ್ಲ, ಮಲಗದ ಜಾಗದ ಪಾವತಿ ಸುಳ್ಳು. ಮಲಗಿದ ಜಾಗದ ಪಾವತಿ ಸತ್ಯ. ತಾನು ಮಲಗಿರುವುದು ಗೊರೇಬಾಳದಲ್ಲಿ. ಹಾಗಾದರೆ ಸತ್ಯವಂತನಾದವನು ಪಾವತಿ ತರಬೇಕಾದದ್ದು ಗೊರೇಬಾಳದಿಂದಲೇ! (ಹರಿಶ್ಚಂದ್ರನಿಗೂ ಇಷ್ಟು ಸಲೀಸಾಗಿ ಸತ್ಯ ಹೊಳೆದಿರಲಿಕ್ಕಿಲ್ಲ.) ನೆಟ್ಟಗೆ ಪ್ರೆಸ್ಸಿಗೆ ಹೋಗಿ ಐವತ್ತು ಹಾಳೆಯ ಪಾವತಿ ಪುಸ್ತಕ ಅಚ್ಚು ಹಾಕಿಸಿದ. 'ಗ್ಯಾನಮ್ಮ ವಸತಿ ಗೃಹ, ಗೊರೇಬಾಳ.' ಪ್ರೆಸ್ಸಿನವನು ಮೇಲೆ ಒಂದು ಕಮಲದ ಚಿತ್ರ, ಕೆಳಗೆ 'ಬಿಸಿನೀರಿನ ಸೌಕರ್ಯವಿದೆ' ಎಂಬ ಸಾಲನ್ನು ಪುಕ್ಕಟೆ ಸೇರಿಸಿದ್ದ.

ಅಂದು ಸಂಜೆ ಅತ್ತೆ ಹಾಲು ಹಿಂಡುತ್ತಿದ್ದಾಗ ಮೈಲಾರಲಿಂಗಪ್ಪ ಎಮ್ಮೆಯ ಎದುರಿಗೆ ನಿಂತು ವಿಷಯ ಮಂಡಿಸಿದ. ಕಂಪನಿ, ಕರಾರು, ಆರನೆಯ ಕಲಮು, ಎಲ್ಲವನ್ನೂ ಹೇಳಿದ. ಎಮ್ಮೆ ಮೆಲುಕು ಹಾಕುತ್ತ ಕೇಳಿಸಿಕೊಂಡಿತು.

"ಎಮ್ಮೀ, ಆ ಕಾಗದದಾಗ ಏನು ಬರದೈತಿ ಕೇಳು," ಎಂದಿತು ಸೆರಗಿನೊಳಗಿನ ದನಿ.

"ಏನಿಲ್ರೀ. ರಾತ್ರಿಗೆ ಮೂವತ್ತು ರೂಪಾಯಿ ಬಾಡಿಗಿ ಮುಟ್ಟೈತಿ ಅಂತ. ಹೆಬ್ಬಟ್ಟು ಒತ್ತಿದ್ರಾತು."

"ಮುಟ್ಟೈತೇನು?"

"ಮುಟ್ಟಿದಂಗ್ರೀ."

ಹಾಲು ಚೊರ್ ಚೊರ್ ಎನ್ನುವುದು ನಿಂತಿತು. ಗ್ಯಾನಮ್ಮ ಚೊಂಬನ್ನು ಪಕ್ಕಕ್ಕಿಟ್ಟಳು. ಕೈ ಒರೆಸಿಕೊಂಡಳು. ಮೈಲಾರಲಿಂಗಪ್ಪ ಚಾಚಿದ ಶಾಯಿಯ ಪ್ಯಾಡಿಗೆ ಹೆಬ್ಬೆರಳು ತಾಗಿಸಿ, ಹನ್ನೆರಡು ರಾತ್ರಿಗೆ ಹನ್ನೆರಡು ಹೆಬ್ಬಟ್ಟನ್ನು ಒಂದೂ ಮಾತಿಲ್ಲದೆ ಒತ್ತಿದಳು. ನೋಡಿದಿರಾ, ವರ್ಚಸ್ಸು ಎಂದರೆ ಇದು, ಎಂದುಕೊಂಡ ಅಳಿಯ.

ಆಮೇಲೆ ಗ್ಯಾನಮ್ಮ ತಲೆಯ ಮೇಲಿನ ಸೆರಗನ್ನು ತೆಗೆದು ನಡುವಿಗೆ ಸಿಗಿಸಿದಳು.

ಒಂಬತ್ತು ವರ್ಷದಲ್ಲಿ ಮೊದಲ ಸಲ ಮೈಲಾರಲಿಂಗಪ್ಪ ಅತ್ತೆಯ ಪೂರಾ ಮುಖ ನೋಡಿದ. ಆ ಮುಖದಲ್ಲಿ ಹೆದರಿಕೆ ಎಂಬುದನ್ನು ಹುಡುಕಿದರೂ ಸಿಗುವಂತಿರಲಿಲ್ಲ. ಅವಳು ಬಂದು ಅವನ ಎದುರಿಗೆ, ಅವನದೇ ಹೊರಸಿನ ಮೇಲೆ ಕೂತಳು.

"ಏನಪಾ ಲಿಂಗಪ್ಪ, ಇಡು ರೊಕ್ಕ."

'ಅಳಿಯಪ್ಪನೋರು' ಒಂದೇ ಏಟಿಗೆ 'ಲಿಂಗಪ್ಪ' ಆದದ್ದಕ್ಕಿಂತ ಆ ದನಿ ಎಮ್ಮೆಯನ್ನು ಬಿಟ್ಟು ನೇರ ತನಗೇ ಬಂದದ್ದು ಅವನನ್ನು ಅಲ್ಲಾಡಿಸಿಬಿಟ್ಟಿತು.

"ಅತ್ತಿಯವರ... ನೀವು... ಮಾತಾಡಾಕತ್ತೀರಿ!"

"ಅಳಿಯನ ಮುಂದ ಮಾತಾಡಬಾರದು ಅಂತ ಐತಿ. ಗಿರಾಕಿ ಮುಂದ ಮಾತಾಡಬಾರದು ಅಂತ ಯಾರೂ ಹೇಳಿಲ್ಲ. ಹನ್ನೆರಡು ರಾತ್ರಿ ಆತು. ತಗಿ."

"ಅದು ಬರೇ ಕಾಗದಕ್ಕ ಅಂತ್ರೀ!"

"ಕಾಗದಕ್ಕ ಅಂತ ಹೇಳಿ ನಾ ಬೆರಳು ಕೊಟ್ಟಿಲ್ಲ. ಹೊಲದ ಕಾಗದಕ್ಕ ಒತ್ತಿದ ಹೆಬ್ಬಟ್ಟು ಇದು. ಮುಟ್ಟೈತಿ ಅಂತ ಒತ್ತೀನಿ, ಮುಟ್ಟಬೇಕು. ಈ ಮನ್ಯಾಗ ಉಂಡವರ ಹತ್ರ ನಾವು ಯಾವತ್ತೂ ಕೈ ಚಾಚಿಲ್ಲೋ ಲಿಂಗಪ್ಪ. ಇಂಥಾದ್ದೊಂದು ಪುಸ್ತಕ ಮಾಡಿಸಿಕೊಂಡು ಬಂದು ರೇಟು ಹಚ್ಚಿದವ ನೀನು."

ಕೊನೆಯ ಮಾತು ಹೇಳುವಾಗ ಅವಳ ದನಿ ಸ್ವಲ್ಪ ಒಡೆದಿತ್ತು. ಮೈಲಾರಲಿಂಗಪ್ಪನಿಗೆ ಅದು ಕೇಳಿಸಲಿಲ್ಲ. ಅವನು ಆಗ ಮುನ್ನೂರ ಅರವತ್ತು ರೂಪಾಯಿಯ ಗಾಬರಿಯಲ್ಲಿದ್ದ.

"ಬಿಲ್ಲು ಪಾಸಾದ ಮ್ಯಾಗ ಕೊಡ್ತೀನ್ರಿ," ಎಂದ, ಆ ಹೊತ್ತಿಗೆ ಪಾರಾಗಲು.

"ಆತು. ಉದ್ರಿ," ಎಂದಳು ಗ್ಯಾನಮ್ಮ.

ಮರುದಿನ ಬೆಳಿಗ್ಗೆ ಹಂಡೆಯಲ್ಲಿ ನೀರಿತ್ತು, ಒಲೆಯಲ್ಲಿ ಬೆಂಕಿ ಇರಲಿಲ್ಲ. ಮೈಲಾರಲಿಂಗಪ್ಪ ಪಾವತಿ ಪುಸ್ತಕ ತೆರೆದು 'ಬಿಸಿನೀರಿನ ಸೌಕರ್ಯವಿದೆ' ಎಂಬ ಸಾಲನ್ನು ಗಟ್ಟಿಯಾಗಿ ಓದಿ ತೋರಿಸಿದ. "ಕಟಗಿ ಹಿತ್ತಲದಾಗ ಐತಿ, ಕೊಡಲಿ ಮೂಲ್ಯಾಗ ಐತಿ. ಸೌಕರ್ಯ ಮಾಡಿಕೋ," ಎಂದು ಒಳಗಿನಿಂದ ಉತ್ತರ ಬಂತು.

ರೊಟ್ಟಿಯ ಹೊತ್ತಿಗೆ ತಟ್ಟೆ ಬರಲಿಲ್ಲ.

"ಊಟ ಆಗೇತೇನ್ರೀ?" ಎಂದು ಒಂದು ಸುತ್ತು ತಿರುಗಿಸಿ ಕೇಳಿದ.

"ನಂದು ಆಗೇತಿ. ಲಾಡ್ಜಿನ್ಯಾಗ ಊಟ ಕೊಡ್ತಾರೇನಪಾ? ನಾ ಕಂಡಿಲ್ಲ, ನೀನೇ ಹೇಳು."

ಹೀಗೆ ಮೈಲಾರಲಿಂಗಪ್ಪ ಸಿಂಧನೂರಿನ ಖಾನಾವಳಿಯ ಖಾಯಂ ಗಿರಾಕಿಯಾದ. ಜಮಖಾನೆ ಟ್ರಂಕಿಗೆ ಮರಳಿತು. ಹೊರಸಿನ ಹಗ್ಗ ಸಡಿಲವಾಗಿ ಅವನ ಬೆನ್ನು ನೆಲ ಮುಟ್ಟುತ್ತಿದ್ದರೂ ಬಿಗಿಯುವವರಿಲ್ಲ. ಆದರೆ ಪ್ರತಿದಿನ ಮುಂಜಾನೆ, ಅವನು ಕಣ್ಣು ಬಿಡುವುದಕ್ಕೆ ಮೊದಲೇ, ಗ್ಯಾನಮ್ಮ ಹೆಬ್ಬೆರಳಿಗೆ ಶಾಯಿ ಹಚ್ಚಿಕೊಂಡು ತಲೆದೆಸೆಗೆ ನಿಂತಿರುತ್ತಿದ್ದಳು. "ಏಳು, ನಿನ್ನಿ ರಾತ್ರಿದು ಒತ್ತಬೇಕು."

ರವಿವಾರ ಹಗಲು ಬಸ್ಸಿನಲ್ಲಿ ಲಿಂಗಸುಗೂರಿಗೆ ಹೋಗಿ ಹೆಂಡತಿಯ ಮುಂದೆ ಗೋಳು ತೋಡಿಕೊಂಡ. ಶೇಖಮ್ಮ ಎಲ್ಲ ಕೇಳಿ, ರಟ್ಟಿನ ತುಂಡನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು.

"ನಗಬ್ಯಾಡ. ನಿಮ್ಮವ್ವಗ ನೀ ಹೇಳು."

"ಏನಂತ ಹೇಳ್ಲಿ? ನಮ್ಮವ್ವನ ಮನಿಗೆ ಬೋರ್ಡು ಹಾಕಿದವರು ನೀವು. ಆ ಮನ್ಯಾಗ ನೀವು ಅಳಿಯ ಅಂತ ಇದ್ದಿದ್ದಕ್ಕ ಒಂಬತ್ತು ವರ್ಷ ಬೆಣ್ಣಿ ತಿಂದೀರಿ. ಪುಸ್ತಕ ಹರದು ಒಲಿಗೆ ಹಾಕಿ ತಪ್ಪಾತು ಅನ್ರಿ, ನಾಳೆನ ನೀರು ಕಾಯ್ತಾವ."

"ಹನ್ನೆರಡು ನೂರು ರೂಪಾಯಿ ಒಲಿಗೆ ಹಾಕಲೇನು?"

"ಹಂಗಾದ್ರ ಕಟಗಿ ಒಡೀರಿ," ಎಂದಳು ಶೇಖಮ್ಮ.

ಅವನು ಕಟ್ಟಿಗೆ ಒಡೆದ. ಬಿಲ್ಲು ಒಂದು ಪಾಸಾಗಲಿ, ಹನ್ನೆರಡು ನೂರು ಕೈಗೆ ಬರಲಿ, ಆಮೇಲೆ ಒಂದು ಇಳಕಲ್ ಸೀರೆ ಹಿಡಿದುಕೊಂಡು ಹೋಗಿ ಅತ್ತೆಯ ಕಾಲು ಮುಟ್ಟಿದರೆ ಅಳಿಯನ ಗಾದಿ ಮತ್ತೆ ತನ್ನದೇ ಎಂಬ ಲೆಕ್ಕ. ಹೋದದ್ದೆಲ್ಲ ಮರಳಿ ಬರುವುದು ಆ ಬಿಲ್ಲಿನ ಮೇಲೆ ನಿಂತಿತ್ತು.

ನಲವತ್ತನೆಯ ರಾತ್ರಿ ಕಳೆದ ಬೆಳಿಗ್ಗೆ ಕಂಪನಿಯ ಗುಮಾಸ್ತ ಹಸನ್‌ಸಾಬ್ ಮಸ್ಕಿಯಿಂದ ಬಂದ. ಗೋದಾಮಿನ ದೀಪಗಳನ್ನು ಒಂದೊಂದಾಗಿ ಹಾಕಿ ಆರಿಸಿ ನೋಡಿ, ಮೆಚ್ಚಿ, ಕೂಲಿಯ ಕೊನೆಯ ಕಂತು ಎರಡು ಸಾವಿರ ನಗದನ್ನು ಎಣಿಸಿ ಕೊಟ್ಟ. ಆಮೇಲೆ ಮೈಲಾರಲಿಂಗಪ್ಪ ಮುಂದಿಟ್ಟ ಪಾವತಿ ಪುಸ್ತಕವನ್ನು ಕೈಯಲ್ಲಿ ತಿರುವಿ ಹೇಳಿದ:

"ಕಾಂಟ್ರ್ಯಾಕ್ಟರ್ ಸಾಹೇಬ್ರ, ಗೊರೇಬಾಳದಾಗ ಲಾಡ್ಜು ಐತಿ ಅಂತ ನಾ ಇವತ್ತ ಕೇಳಿದ್ದು. ವಸತಿ ಎಲ್ಲಿದ್ರೂ ಕಣ್ಣಿಂದ ನೋಡಿ ಬಾ ಅಂತಾರ ಮಾಲಕರು. ನಡೀರಿ."

ಇಬ್ಬರೂ ಆಟೋದಲ್ಲಿ ಹೋದರು. ಇಳಿದೊಡನೆ ಮೈಲಾರಲಿಂಗಪ್ಪ ಒಳಗೆ ಓಡಿ, ಅತ್ತೆಗೆ ಎರಡೂ ಕೈ ಮುಗಿದ.

"ಅತ್ತಿಯವರ, ಕಂಪನಿಯವರು ಬಂದಾರ. ಸಂಬಂಧ ಕೇಳಿದ್ರ ಗಿರಾಕಿ ಅಂದುಬಿಡ್ರಿ. ಇಷ್ಟು ದಿನ ನೀವ ಅಂದೀರಲ್ಲ!"

"ಕೇಳಲಿ ಬಿಡು, ನೋಡೂಣು," ಎಂದಳು ಗ್ಯಾನಮ್ಮ. ಮಜ್ಜಿಗೆ ತುಂಬಿದ ಚರಿಗೆ ಹಿಡಿದು ಹೊರಗೆ ಬಂದಳು.

ಹಸನ್‌ಸಾಬ್ ಬೇವಿನ ಕೆಳಗಿನ ಹೊರಸಿನಲ್ಲಿ ಕೂತ. ಅಂದರೆ ನೆಲದವರೆಗೆ ಇಳಿದ. ಮಜ್ಜಿಗೆ ಕುಡಿದು, ಸುತ್ತ ನೋಡಿದ. ಎಮ್ಮೆ ಅವನನ್ನು ನೋಡಿತು.

"ಅಮ್ಮಾ, ಇವರು ಇಲ್ಲಿ ನಲವತ್ತು ರಾತ್ರಿ ಇದ್ದದ್ದು ಖರೇನಾ?"

"ಖರೇ ಐತಿ."

ಮೈಲಾರಲಿಂಗಪ್ಪನ ಎದೆ ಹಗುರಾಯಿತು.

"ಈ ಹೆಬ್ಬಟ್ಟು ನಿಮ್ಮದಾ?"

"ನಂದ."

"ಬಾಡಿಗಿ ಮುಟ್ಟೈತೇನ್ರೀ?"

"ಇಲ್ಲ. ಉದ್ರಿ ಐತಿ."

ಹಸನ್‌ಸಾಬ್ ಚರಿಗೆ ಕೆಳಗಿಟ್ಟ. "ಕಾಂಟ್ರ್ಯಾಕ್ಟರ್ ಸಾಹೇಬ್ರ, ಇದೇನ್ರೀ? ಕೊಟ್ಟ ರೊಕ್ಕ ಆದ್ರ ಕಂಪನಿ ಮರಳಿ ಕೊಡ್ತೈತಿ. ಕೊಡದ ರೊಕ್ಕ ಹೆಂಗ ಮರಳಿ ಕೊಡಬೇಕು?"

"ಕೊಡಾಕ ಅಂತನ ತಂದೀನ್ರಿ!" ಎಂದ ಮೈಲಾರಲಿಂಗಪ್ಪ. ಆಗತಾನೇ ಬಂದ ಎರಡು ಸಾವಿರದಿಂದ ಹನ್ನೆರಡು ನೂರು ಎಣಿಸಿ, ದೊಡ್ಡ ಹೋಟೆಲಿನಲ್ಲಿ ಇನಾಮು ಕೊಡುವ ಸಾಹುಕಾರನ ಠೀವಿಯಿಂದ ಅತ್ತೆಯ ಕೈಗಿಟ್ಟ. ಇಡುವಾಗ ಹಸನ್‌ಸಾಬನಿಗೆ ಕಾಣದಂತೆ ಅವಳಿಗೆ ಒಂದು ಕಣ್ಣು ಮಿಟುಕಿಸಿದ. ಗ್ಯಾನಮ್ಮ ನೋಟುಗಳನ್ನು ಎರಡು ಸಲ ಎಣಿಸಿ ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಗಿಸಿಕೊಂಡಳು. ಕಣ್ಣು ಮಿಟುಕಿಸಲಿಲ್ಲ.

"ಹಾಂ, ಈಗ ಸರಿ," ಎಂದು ಹಸನ್‌ಸಾಬ್ ನಮೂನೆಯ ಹಾಳೆ ತೆಗೆದು ತುಂಬತೊಡಗಿದ. ಹೆಸರು, ಊರು, ರಾತ್ರಿಗಳ ಸಂಖ್ಯೆ. ಕೊನೆಯ ಸಾಲಿಗೆ ಬಂದು ಪೆನ್ನೆತ್ತಿದ. "ಇದೊಂದು ಕೇಳಬೇಕಂತ ಐತ್ರಿ, ಸಿಟ್ಟಾಗಬ್ಯಾಡ್ರಿ ಅಮ್ಮಾ. ಇವರು ನಿಮಗ ಏನರ ಆಗಬೇಕೇನು?"

ಮೈಲಾರಲಿಂಗಪ್ಪನಿಗೆ ಏಳನೆಯ ಕಲಮು ಕಣ್ಣ ಮುಂದೆ ಬಂತು. ಅದರ ಹಿಂದೆ ಫ್ಯಾನು ತಿರುಗಿತು.

"ನನ್ನ ಮಗಳ ಗಂಡ," ಎಂದಳು ಗ್ಯಾನಮ್ಮ.

ಹಸನ್‌ಸಾಬ್ ಒಮ್ಮೆ ಅವಳನ್ನು, ಒಮ್ಮೆ ಅವನನ್ನು, ಒಮ್ಮೆ ಪಾವತಿ ಪುಸ್ತಕದ ಮೇಲಿನ ಕಮಲವನ್ನು ನೋಡಿದ. ನಾಚಿಕೆ ಪಡಬೇಕಾದವನು ಪಡದಿದ್ದರೆ ನೋಡುವವನೇ ಪಡಬೇಕಾಗುತ್ತದೆ; ಅವನ ಕಿವಿ ಕೆಂಪಗಾಯಿತು. "ಯಾ ಅಲ್ಲಾ! ಅತ್ತಿ ಮನ್ಯಾಗ ಇದ್ದು ಅತ್ತಿ ಕಡಿಂದನ ಪಾವತಿ ಮಾಡಿಸೀರಾ?" ಎಂದು ಪೆನ್ನಿಗೆ ಟೊಪ್ಪಿಗೆ ಹಾಕಿದ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, "ಮಾಲಕರಿಗೆ ನಾ ಏನೂ ಹೇಳಂಗಿಲ್ಲ. ನೀವೂ ಬಿಲ್ಲು ಕಳಸಬ್ಯಾಡ್ರಿ," ಎಂದ. ಗ್ಯಾನಮ್ಮನಿಗೆ ಸಲಾಮು ಮಾಡಿ ಆಟೋ ಹತ್ತಿದ.

ಧೂಳು ಅಡಗಿತು. ಮೈಲಾರಲಿಂಗಪ್ಪ ಹೊರಸಿನ ಚೌಕಟ್ಟು ಹಿಡಿದು ಮೆಲ್ಲಗೆ ಕೂತ.

"ಗಿರಾಕಿ ಅಂದಿದ್ರ ನಿಮ್ಮದೇನು ಹೋಗ್ತಿತ್ರೀ?" ಎಂದ, ಅಳುವ ದನಿಯಲ್ಲಿ.

"ಅಂದಿದ್ರ, ನನ್ನ ಮಗಳು ಯಾರ ಹೇಣ್ತಿ ಅಂತ ಹೇಳಬೇಕಿತ್ತು?"

ಅವನ ಕಣ್ಣು ಅತ್ತೆಯ ಸೊಂಟದ ಗಂಟಿನ ಮೇಲೆಯೇ ಇತ್ತು. ಗಂಟು ಬಿಚ್ಚುವ ಲಕ್ಷಣ ಕಾಣಲಿಲ್ಲ. ಕೆಮ್ಮಿದ. ಏನೂ ಆಗಲಿಲ್ಲ. ಕೊನೆಗೆ, ಇದ್ದಬದ್ದ ವರ್ಚಸ್ಸನ್ನೆಲ್ಲ ಒಟ್ಟುಗೂಡಿಸಿ, ಮೂರ್ಖನೊಬ್ಬ ಮಾತ್ರ ಕೇಳಬಹುದಾದ ಪ್ರಶ್ನೆಯನ್ನು ಕೇಳಿದ:

"ಅತ್ತಿಯವರ, ಆ ಸಾಹೇಬರ ಮುಂದ ನಾ ರೊಕ್ಕ ಕೊಟ್ಟಿದ್ದು ಖರೇ ಅಂತ ತಿಳಕೊಂಡ್ರೇನ್ರೀ?"

"ಮತ್ತ, ನೀ ಮಲಗಿದ್ದು ಸುಳ್ಳೇನು?" ಎಂದಳು ಗ್ಯಾನಮ್ಮ.