ಮೊದಲ ಸಹಿ

ಕನ್ನಡಕದಂಗಡಿಯವರು ಇನ್ನೂ ಒಂದೇ ಕಾಲಿಗೆ ಬೂಟು ಹಾಕಿದ್ದರು, ಅಷ್ಟರಲ್ಲಿ ಫೋನು ಕುಂಯ್ ಎಂದಿತು. ಅವರ ಗ್ರಹಚಾರ ಶುರುವಾದದ್ದು ಅಲ್ಲಿಂದಲೇ. ಹೊಸ ಡಬ್ಬಿಯೊಂದನ್ನು ಅಡಗಿಸಿದ್ದಾರಂತೆ, ಅದೂ ಅವರದೇ ಬೀದಿಯ ಪಾರ್ಕಿನಲ್ಲಿ!

ಜಿಯೊಕ್ಯಾಶಿಂಗ್ ಎಂಬ ಈ ಹುಚ್ಚು ಅವರಿಗೆ ಹಿಡಿದು ವರ್ಷಗಳೇ ಕಳೆದಿದ್ದವು. ಯಾರೋ ಒಂದು ಪುಟ್ಟ ಡಬ್ಬಿಯನ್ನು ಎಲ್ಲೋ ಬಚ್ಚಿಟ್ಟು, ಜಾಗದ ಗುರುತನ್ನು ಫೋನಿಗೆ ಹಾಕುತ್ತಾರೆ. ಹುಡುಕಿದವರು ಒಳಗಿನ ಚೀಟಿಗೆ ಸಹಿ ಹಾಕಿ ಮತ್ತೆ ಅಲ್ಲೇ ಇಟ್ಟು ಬರಬೇಕು. ಅಷ್ಟೇ. ಅಷ್ಟಕ್ಕಾಗಿ ಅವರು ಸೇತುವೆಯ ಕೆಳಗೆ ನುಸುಳಿದ್ದರು, ಮರದ ಪೊಟರೆಗೆ ಕೈ ಹಾಕಿ ಇರುವೆಗಳಿಂದ ಕಚ್ಚಿಸಿಕೊಂಡಿದ್ದರು. ದಿನವಿಡೀ ಗಿರಾಕಿಗಳ ಗೊಣಗಾಟ ಕೇಳಿದ ಜೀವಕ್ಕೆ ಆ ಸಂಜೆಗಳು ಎಂಥ ಸುಖ ಅಂತೀರಿ! ಕೊರಗು ಒಂದೇ. ಒಂದೇ ಒಂದು ಚೀಟಿಯ ಮೇಲೂ ಅವರದು ಮೊದಲ ಸಹಿಯಾಗಿರಲಿಲ್ಲ. ಇವತ್ತು ಬಿಟ್ಟರೆ ಈ ಜನ್ಮದಲ್ಲಿ ಸಿಗುವುದಿಲ್ಲ ಎಂದು ಪಾರ್ಕಿಗೆ ಓಡಿದರು.

ಅಲ್ಲಿ ಎಲ್ಲರೂ ಡಬ್ಬಿ ಹೊಡೆದುಕೊಳ್ಳಲೇ ಬಂದವರಂತೆ ಕಂಡರು. ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ ಪಾಪದವನೊಬ್ಬನನ್ನು ದುರುಗುಟ್ಟಿ ನೋಡಿಯೇ ಓಡಿಸಿ, ಬೆಂಚಿನ ಕೆಳಗೆ ತೂರಿದರು.

"ಅಲ್ಲೇನ್ರೀ ಮಾಡ್ತಿದೀರಿ?" ಎಂದರು ಕಿಟಕಿಯಮ್ಮ. ಹಗಲೆಲ್ಲ ಕಿಟಕಿಯಲ್ಲೇ ಇರುವುದರಿಂದ ಪಾರ್ಕಿನ ಎದುರುಮನೆಯಾಕೆಗೆ ಬೀದಿಯವರಿಟ್ಟ ಹೆಸರು ಅದು.

ಆಟ ಆಡದವರಿಗೆ ಗುಟ್ಟು ಬಿಡಬಾರದೆಂಬುದು ನಿಯಮ. ಹೆಂಡತಿಗೂ ಹೇಳದೆ ಪಾಲಿಸಿದ್ದ ನಿಯಮ. "ಬೀಗದ ಕೈ ಬಿತ್ತಮ್ಮಾ!" ಎಂದರು.

ಅಷ್ಟರಲ್ಲಿ ವಾಕಿಂಗ್ ಬಂದ ನಿವೃತ್ತ ಹೆಡ್‌ಮಾಸ್ತರರು ಬಗ್ಗಿ ನೋಡಿದರು. "ಏನ್ರೀ ಇದು ಅವತಾರ?"

"ಬೆನ್ನು ನೋವು ಸಾರ್. ಡಾಕ್ಟರು ತೆವಳೋಕೆ ಹೇಳಿದಾರೆ."

"ನನ್ಹತ್ರ ಬೀಗದ ಕೈ ಅಂದ್ರು!" ಕಿಟಕಿಯಮ್ಮ ಕೂಗಿಕೊಂಡೇ ಕೆಳಗಿಳಿದು ಬಂದರು. "ಮೊನ್ನೆ ನಮ್ಮ ಕೊಳಾಯಿ ಕಿತ್ಕೊಂಡು ಹೋದವರೂ ಹೀಗೇ ತೆವಳಿರ್ಬೇಕು!"

ಬೆಲ್ಲಕ್ಕೆ ಇರುವೆ ಮುತ್ತಿದಂತೆ ಜನ ಸೇರಿದರು. ಪೊಲೀಸರಿಗೆ ಫೋನ್ ಮಾಡಿ ಎಂದರು ಕೆಲವರು. ಯಾರೋ ಪುಣ್ಯಾತ್ಮರು ಹೆಂಡತಿಯನ್ನೇ ಕರೆತಂದರು.

"ಅಂಗಡಿಗೆ ಅಂತ ಹೇಳಿ ಬಂದು ಇಲ್ಲಿ ಮಣ್ಣಲ್ಲಿ ಹೊರಳಾಡ್ತಿದೀರಾ? ದಿನಾ ಸಂಜೆ ತಡವಾಗೋದೂ ಇದಕ್ಕೇನಾ? ಯಾವಳು ಇಟ್ಟು ಹೋದ ಚೀಟಿ ಹುಡುಕ್ತಿದೀರಿ, ಹೇಳಿ!"

ಚೀಟಿ ಎಂದದ್ದೇ ಕನ್ನಡಕದಂಗಡಿಯವರು ಬೆಂಚಿನಡಿಯಿಂದ ಹೊರಗೆ ಬಂದರು. ಮಾನ ಉಳಿದರೆ ಸಾಕೆಂದು ಎಲ್ಲವನ್ನೂ ಒದರಿಬಿಟ್ಟರು. ಒಬ್ಬರೂ ನಂಬಲಿಲ್ಲ.

"ಹಂಗಿದ್ರೆ ತೆಗೀರಿ ನೋಡೋಣ," ಎಂದರು ಮಾಸ್ತರರು.

ಕನ್ನಡಕದಂಗಡಿಯವರು ಬೆಂಚಿನ ಹಲಗೆಯಡಿ ಕೈಯಾಡಿಸಿದರು. ಟಪ್ ಎಂದು ಕೈಗೆ ಬಂತು ಡಬ್ಬಿ! ಒಳಗೆ ಬಸ್ ಟಿಕೆಟ್ಟಿನಷ್ಟು ಚೀಟಿ, ಗೆರೆಗಳೆಲ್ಲ ಖಾಲಿ. ಅವರಿಗೆ ಕಣ್ಣು ತುಂಬಿಬಂತು.

"ಪೆನ್ನು! ಯಾರಾದ್ರೂ ಪೆನ್ನು ಕೊಡಿ!"

ಪೆನ್ನಿದ್ದುದು ಮಾಸ್ತರರ ಜೇಬಿನಲ್ಲಿ ಮಾತ್ರ. ಅವರು ಪೆನ್ನು ಕೊಡುವ ಬದಲು ಚೀಟಿಯನ್ನೇ ಇಸಿದುಕೊಂಡರು.

"ಹೆಸರು, ತಾರೀಕು, ಸಹಿ. ಅಚ್ಚುಕಟ್ಟಾಗಿ ಗೆರೆ ಹಾಕಿದಾರೆ. ಮಾಲು ನಮ್ಮ ಕಣ್ಣೆದುರೇ ಸಿಕ್ತು ಅನ್ನೋಕೆ ಸಾಕ್ಷಿ ಬೇಕಲ್ಲ? ನಾಳೆ ನಿಮಗೇ ತೊಂದರೆ ಆಗ್ಬಾರ್ದು ನೋಡಿ," ಎನ್ನುತ್ತ ಪ್ರಗತಿಪತ್ರಕ್ಕೆ ಹಾಕುತ್ತಿದ್ದ ಉದ್ದನೆಯ ಸಹಿಯನ್ನು ಎಳೆದೇಬಿಟ್ಟರು.

"ಅಯ್ಯಯ್ಯೋ, ಸಾರ್!"

ಕಿಟಕಿಯಮ್ಮ ಕಿತ್ತುಕೊಂಡು ತಮ್ಮದನ್ನು ಹಾಕಿದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹಾಕಿದರು. ಕೊನೆಗೆ ಉಳಿದ ಚೂರು ಜಾಗದಲ್ಲಿ, ಚೀಟಿ ಯಾವಳದ್ದೂ ಅಲ್ಲವೆಂಬ ಸಮಾಧಾನಕ್ಕೆ ಮೂಗೊರೆಸಿಕೊಳ್ಳುತ್ತ, ಹೆಂಡತಿ.

"ಮೊದಲು ನಾನು ಹಾಕ್ಬೇಕಿತ್ತು ಸಾರ್!" ಕನ್ನಡಕದಂಗಡಿಯವರು ಅತ್ತೇಬಿಟ್ಟರು.

ಮಾಸ್ತರರು ಪೆನ್ನಿಗೆ ಟೋಪಿ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು.

"ನೀವಾ? ಅನುಮಾನ ಇದ್ದದ್ದೇ ನಿಮ್ಮ ಮೇಲೆ. ನಿಮ್ಮ ಸಹಿ ಕಟ್ಕೊಂಡು ಏನ್ರೀ ಮಾಡೋದು?"