ನಮ್ಮ ಕೆರೆಗೊಂದು ಮೋಟಾರು ದೋಣಿ

ಹೆದರಿಕೆಯಿರುವ ಮನುಷ್ಯನಿಗೆ ವಾದ ಮಾಡುವ ಶಕ್ತಿ ತಾನಾಗಿಯೇ ಬಂದುಬಿಡುತ್ತದೆ. ವಿಮಾನಕ್ಕೆ ಹೆದರುವವರು ರೈಲಿನ ಕಿಟಕಿಯಲ್ಲಿ ಕಾಣುವ ಊರುಗಳನ್ನು ಹೊಗಳುತ್ತಾರೆ. ಹಲ್ಲಿನ ಡಾಕ್ಟರಿಗೆ ಹೆದರುವ ನಮ್ಮ ಷಡ್ಡಕರು ಲವಂಗದ ಗುಣಗಳ ಮೇಲೆ ಅರ್ಧ ಗಂಟೆ ಮಾತಾಡಬಲ್ಲರು. ನನಗೆ ಭಯ ನೀರಿನದು. ಈಜು ಬರುವುದಿಲ್ಲ. ಹಾಗಾಗಿ ಮನೆಯಲ್ಲಿ ಮೋಟಾರು ದೋಣಿ ಕೊಳ್ಳುವ ಮಾತು ಬಂದಾಗ, ದೊಡ್ಡ ದೋಣಿಯೇ ಏಕೆ ಬೇಕು ಎನ್ನುವುದಕ್ಕೆ ನನ್ನಲ್ಲಿ ಕಾರಣಗಳಿಗೇನೂ ಬರವಿರಲಿಲ್ಲ.

ದೋಣಿಯ ಆಸೆ ನನ್ನ ಹೆಂಡತಿ ಸುಮಿತ್ರಳದು. ಅವಳು ಸಂಸೆ ಕಡೆಯವಳು, ಹೊಳೆಯಲ್ಲೇ ಆಡಿ ಬೆಳೆದವಳು. ಮದುವೆಯಾಗಿ ಬಾಳೂರಿನ ನಮ್ಮ ಕಾಫಿ ತೋಟಕ್ಕೆ ಬಂದ ಮೇಲೆ ಅವಳ ಪಾಲಿಗೆ ಉಳಿದ ನೀರೆಂದರೆ ಸ್ಪ್ರಿಂಕ್ಲರಿಗೆ ನೀರೆತ್ತುವ ಕೆರೆ. ಈ ವರ್ಷ ಮಳೆ ನಿಂತಾಗ ಕೆರೆ ಏರಿಯವರೆಗೂ ತುಂಬಿತ್ತು. ಒಂದು ದಿನ ತಿಂಡಿಗೆ ಕಡುಬು ಬಡಿಸುತ್ತ, ಸಣ್ಣದೊಂದು ಮೋಟಾರು ದೋಣಿ ತಂದರೆ ಹೇಗೆ ಎಂದಳು. ಬೇಡ ಎನ್ನಲು ನನಗೆ ನಾಚಿಕೆ. ತಂದರೆ ದೊಡ್ಡದನ್ನೇ ತರೋಣ, ನೆಂಟರು ಬಂದಾಗ ಎಲ್ಲರೂ ಕೂರಬಹುದು, ತೋಟದ ಮರ್ಯಾದೆಗೂ ಒಪ್ಪುತ್ತದೆ ಎಂದೆಲ್ಲ ಹೇಳಿದೆ.

"ನೆಂಟ್ರಿಗೆ ಕಾಫಿ ಕೊಟ್ಟು ಕಳ್ಸಿದ್ರೆ ಸಾಲ್ದಾ? ನೀರಿನ ಮೇಲೂ ಕೂರಿಸ್ಬೇಕಾ?" ಎಂದು ಕೇಳಿ ಅವಳು ಚಟ್ನಿ ತರಲು ಒಳಗೆ ಹೋದಳು.

ಮುಂದಿನ ವಾರ ಘಟ್ಟ ಇಳಿದು, ಕರಾವಳಿಯಲ್ಲಿ ದೋಣಿ ಮಾರುವವರೊಬ್ಬರ ಬಳಿ ಹೋದೆವು. ಅವರು ದೊಡ್ಡದು, ಚಿಕ್ಕದು ಎರಡನ್ನೂ ಹೊಳೆಗಿಳಿಸಿ ತೋರಿಸಿದರು. ದೊಡ್ಡದರಲ್ಲಿ ಎಂಟು ಸೀಟು, ಮೇಲೆ ಬಿಸಿಲಿಗೆ ಮಾಡು. ನಾನು ನಟ್ಟನಡುವೆ ಕುಳಿತೆ. ನಮ್ಮ ಹಳೆಯ ಜೀಪಿನಷ್ಟೂ ಅಲುಗಾಡಲಿಲ್ಲ. ಚಿಕ್ಕದು ಇಬ್ಬರ ದೋಣಿ. ಕಾಲಿಟ್ಟ ಕಡೆಗೇ ವಾಲುತ್ತಿತ್ತು. ಸುಮಿತ್ರ ಹಿಂದೆ ಕುಳಿತು ಎಂಜಿನ್ನಿನ ಹಿಡಿ ತಿರುಗಿಸುತ್ತ, ಹುಟ್ಟಿದಂದಿನಿಂದ ಅದೇ ಕೆಲಸ ಮಾಡಿದವಳಂತೆ ನಗುತ್ತಿದ್ದಳು. ನಾನು ಎರಡೂ ಅಂಚುಗಳನ್ನು ಭದ್ರವಾಗಿ ಹಿಡಿದುಕೊಂಡಿದ್ದೆ. ದಡ ಸೇರಿದ ಮೇಲೂ ಬೆರಳುಗಳು ಬಿಡಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಅದನ್ನು ನೋಡಿದಳು.

ತೀರ್ಮಾನ ಮಾಡಿಕೊಟ್ಟದ್ದು ನಮ್ಮ ತೋಟದ ರಸ್ತೆ. ದೊಡ್ಡ ದೋಣಿಗೆ ಲಾರಿಯೇ ಬೇಕು, ಲಾರಿ ನಮ್ಮ ಗೇಟಿನ ಒಳಗಿನ ತಿರುವಿನಲ್ಲಿ ತಿರುಗುವುದಿಲ್ಲ. ಅಲ್ಲಿ ನೆರಳಿಗೆ ಬೆಳೆಸಿದ ಎರಡು ಸಿಲ್ವರ್ ಮರ ಕಡಿಸಿದರಾಯಿತು ಎಂದೆ. ಆ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ ಈ ಸಲ ಎಷ್ಟು ಕಾಯಿ ಕಚ್ಚಿದೆ ನೋಡಿದ್ದೀರಾ ಎಂದು ಅವಳು ಕೇಳಿದಳು. ಕಾಫಿ ಬೆಳೆಗಾರನ ಬಾಯಿ ಮುಚ್ಚಿಸಲು ಅಷ್ಟು ಸಾಕು. ಚಿಕ್ಕ ದೋಣಿ ಪಿಕಪ್ಪಿನಲ್ಲಿ ಬಂತು.

ಮೊದಲ ದಿನ ನಾನು ಹತ್ತಲಿಲ್ಲ. ಹೊಸ ಎಂಜಿನ್ನಿಗೆ ಭಾರ ಕೊಡಬಾರದು ಎಂದು ಹೇಳಿ ದಡದಲ್ಲೇ ನಿಂತೆ. ಸುಮಿತ್ರ ಲೈಫ್ ಜಾಕೆಟ್ ಹಾಕಿಕೊಂಡು ಒಬ್ಬಳೇ ಹೋದಳು. ಎರಡು ಸುತ್ತು ಸೊಗಸಾಗಿ ಹಾಕಿದಳು. ಮೂರನೆಯ ಸುತ್ತಿಗೆ, ಕೆರೆಯ ನಡುವೆ ಎಂಜಿನ್ ಗೊರಗೊರ ಎಂದು ನಿಂತುಹೋಯಿತು. ಜೊಂಡು ಸುತ್ತಿಕೊಂಡಿರಬೇಕು. ಅದನ್ನು ಬಿಡಿಸಲು ಅವಳು ಹಿಂದಕ್ಕೆ ಬಗ್ಗಿದಳು. ದೋಣಿ ಒಂದು ಕಡೆಗೆ ಪೂರಾ ವಾಲಿತು.

ಆಮೇಲೆ ನಾನೇನು ಮಾಡಿದೆ ಎಂಬುದು ನನಗೆ ಸರಿಯಾಗಿ ನೆನಪಿಲ್ಲ. ಅವಳು ನೆಟ್ಟಗೆ ಕುಳಿತು, ಹುಟ್ಟು ತೆಗೆದುಕೊಂಡು ನಿಧಾನವಾಗಿ ಇತ್ತ ಬರತೊಡಗಿದ್ದು ಮಾತ್ರ ನೆನಪಿದೆ. ಹತ್ತಿರ ಬಂದವಳು ಹುಟ್ಟು ಹಾಕುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಆಗ ನಾನೂ ನೋಡಿಕೊಂಡೆ. ಎದೆಮಟ್ಟ ನೀರಿನಲ್ಲಿ ನಿಂತಿದ್ದೆ. ಜೇಬಿನಲ್ಲಿ ಮೊಬೈಲಿತ್ತು, ಕಾಲಿನಲ್ಲಿ ಚಪ್ಪಲಿಯಿತ್ತು.

"ಈಜು ಬರಲ್ಲ, ಎಲ್ಲಿಗೆ ಹೊರಟಿದ್ರಿ ಮಾರಾಯ್ರೆ?" ಎಂದಳು. ನಗಲಿಲ್ಲ. ಕೈ ಚಾಚಿ ನನ್ನ ಕೈಯನ್ನು ದೋಣಿಯ ಅಂಚಿಗೆ ಹಿಡಿಸಿದಳು.

ಏನಾದರೂ ಹೇಳಬೇಕಲ್ಲ. ಕೆರೆ ಎಷ್ಟು ಆಳ ಇದೆ ಅಂತ ನೋಡ್ತಿದ್ದೆ ಎಂದೆ. ಅವಳು ಹೌದೌದು ಎಂದು ತಲೆಯಾಡಿಸಿದಳು. ಜೆಸಿಬಿ ತರಿಸಿ, ಕೊಡೆ ಹಿಡಿದು ಏರಿಯ ಮೇಲೆ ನಿಂತು, ಇಷ್ಟೇ ಆಳ ತೋಡಿ ಎಂದು ಹೇಳಿ ಆ ಕೆರೆ ಮಾಡಿಸಿದವನು ನಾನೇ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.